ಸೋಮವಾರದ ಹಿಂದಿನ ದಿನ ಯಾವುದು?

ಸೋಮವಾರದ ಹಿಂದಿನ ದಿನ ಯಾವುದು ಅಂತ ಒಂದನೇ ಕ್ಲಾಸಿನ ಮಗುವನ್ನ ಕೇಳಿ, ಭಾನುವಾರ ಅನ್ನುತ್ತೆ. ಔಟರ್ ರಿಂಗ್ ರೋಡಿನ ಯಾವುದೋ ಆಫೀಸಿನ ಡೇಟಾ ಟೀಮನ್ನ ಕೇಳಿ, ಶುಕ್ರವಾರ ಅಂತಾರೆ. ಬ್ಯಾಂಕಿನ ಹಳಬರನ್ನ ಕೇಳಿದರೆ ‘ಯಾವ ಸೋಮವಾರ ಸಾರ್?’ ಅಂತ ತಿರುಗಿ ನಿಮ್ಮನ್ನೇ ಕೇಳ್ತಾರೆ. ನನ್ನ ಮಟ್ಟಿಗೆ ಈ ಮೂವರಲ್ಲಿ ಪಾಸಾದವರು ಬ್ಯಾಂಕಿನವರು.

ನನ್ನ ಹೊಟ್ಟೆಪಾಡು ಡೇಟಾಬೇಸಿನದು. ಬೆಳಿಗ್ಗೆ ಏಳಕ್ಕೆ ತಾನಾಗೇ ಓಡುವ ರಿಪೋರ್ಟುಗಳು, ‘ನಿನ್ನೆಯ ವಹಿವಾಟು ಎಷ್ಟು’, ‘ಹೋದ ತಿಂಗಳ ಇದೇ ತಾರೀಖಿಗೆ ಎಷ್ಟಿತ್ತು’, ‘ಹಿಂದಿನ ಕೆಲಸದ ದಿನಕ್ಕೆ ಹೋಲಿಸಿದರೆ ಏರಿಕೆಯೋ ಇಳಿಕೆಯೋ’ ಅನ್ನುವ ಕ್ವೆರಿಗಳು. ಈ ಸಾಲಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಹಿಂದಿನ ಕೆಲಸದ ದಿನವನ್ನು ಹುಡುಕುವ ಕ್ವೆರಿ ಬರೆದಿರುತ್ತಾರೆ. ಐದು ನಿಮಿಷದ ಕೆಲಸ ಅಂತ ಟಿಕೆಟ್ ಬರುತ್ತೆ, ಐದು ನಿಮಿಷದಲ್ಲಿ ಮುಚ್ಚಿಯೂ ಹೋಗುತ್ತೆ. ನನ್ನ ತಕರಾರು ಇರೋದು ಆ ಐದು ನಿಮಿಷದ ಬಗ್ಗೆ. ಯಾರ ದಿನ ಎಣಿಕೆಗೆ ಬರುತ್ತೆ, ಯಾರ ಹಣ ಯಾವತ್ತು ಕೈಗೆ ಸಿಗುತ್ತೆ ಅನ್ನುವುದನ್ನು ನಾವು ಆ ಐದು ನಿಮಿಷದಲ್ಲಿ ತೀರ್ಮಾನ ಮಾಡಿಬಿಟ್ಟಿರುತ್ತೇವೆ, ತೀರ್ಮಾನ ಮಾಡಿದ್ದೀವಿ ಅಂತ ಗೊತ್ತೂ ಆಗಿರಲ್ಲ. ಇದನ್ನ ತೋರಿಸೋಕೆ ಕೊನೆಗೆ ಬೇಗೂರಿಗೆ ಹೋಗಬೇಕು. ಟ್ರಾಫಿಕ್‌ಗೆ ಹೆಸರಾದ ನಮ್ಮ ಬೇಗೂರು ರೋಡಿನ ಬೇಗೂರಲ್ಲ. ಎಚ್‌.ಡಿ. ಕೋಟೆ ಸೀಮೆಯ ಕಾಡಂಚಿನ ಎನ್. ಬೇಗೂರು. ಮೊದಲು ಕ್ವೆರಿ ನೋಡೋಣ.

ಎಲ್ಲರೂ ಬರೆಯುವ ಉತ್ತರ ಹೀಗಿರುತ್ತೆ: ಇವತ್ತು ಸೋಮವಾರ ಆಗಿದ್ರೆ ಮೂರು ದಿನ ಕಳಿ, ಭಾನುವಾರ ಆಗಿದ್ರೆ ಎರಡು ಕಳಿ, ಇಲ್ಲದಿದ್ರೆ ಒಂದು ಕಳಿ. ಒಂದು ಕೇಸ್ ಸ್ಟೇಟ್‌ಮೆಂಟ್, ಮುಗೀತು. ನೋಡೋಕೆ ಚೊಕ್ಕವಾಗಿದೆ. ಆದರೆ ‘ಇವತ್ತು ಸೋಮವಾರ’ ಅನ್ನೋದನ್ನ ಕಂಪ್ಯೂಟರಿಗೆ ಹೇಳುವಲ್ಲೇ ಮೊದಲ ಗುಂಡಿ ಇದೆ. ಮೈಎಸ್‌ಕ್ಯೂಎಲ್‌ನ ಡೇ-ಆಫ್-ವೀಕ್ ಫಂಕ್ಷನ್ನಿಗೆ ಸೋಮವಾರ ಅಂದ್ರೆ 2. ಅದೇ ಮೈಎಸ್‌ಕ್ಯೂಎಲ್‌ನ ವೀಕ್‌ಡೇ ಫಂಕ್ಷನ್ನಿಗೆ ಸೋಮವಾರ 0. ಪೋಸ್ಟ್‌ಗ್ರೆಸ್‌ನ ಡಿಓಡಬ್ಲ್ಯುಗೆ 1. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವಾರ ಎಲ್ಲಿಂದ ಶುರು ಅನ್ನುವ ಸೆಟ್ಟಿಂಗಿನ ಮೇಲೆ ಅಂಕಿ ಬದಲಾಗುತ್ತೆ. ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಕ್ವೆರಿಯನ್ನ ಕಾಪಿ ಮಾಡಿದರೆ ಎರರ್ ಬರಲ್ಲ. ತಪ್ಪು ದಿನದ ಲೆಕ್ಕ ಬಹಳ ನೀಟಾಗಿ ಬರುತ್ತೆ.

ಎರಡನೆಯ ಗುಂಡಿ ಶನಿವಾರ. ಮೂರು ಕಳಿ ಅನ್ನುವ ಸೂತ್ರ ಶನಿವಾರ, ಭಾನುವಾರ ಎರಡೂ ರಜೆ ಅಂತ ನಂಬಿದೆ. ಎಕ್ಸೆಲ್‌ನ ವರ್ಕ್‌ಡೇ ಫಂಕ್ಷನ್ ಕೂಡ ಹೇಳದೆ ಕೇಳದೆ ಅದನ್ನೇ ನಂಬುತ್ತೆ. ಆದರೆ ನಮ್ಮ ಬ್ಯಾಂಕುಗಳಿಗೆ ರಜೆ ಇರೋದು ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ, ಅದೂ 2015ರ ಸೆಪ್ಟೆಂಬರ್ 1ರಿಂದ. ಅದಕ್ಕೂ ಮುಂಚೆ ಶನಿವಾರ ಅರ್ಧ ದಿನ ಕೆಲಸ ಇತ್ತು. ಇದಕ್ಕೊಂದು ಸುಲಭದ ಉಪಾಯ ಇದೆ: ಶನಿವಾರದ ತಾರೀಖು 8ರಿಂದ 14ರೊಳಗೆ ಬಿದ್ದರೆ ಅದು ಎರಡನೆಯದು, 22ರಿಂದ 28ರೊಳಗೆ ಬಿದ್ದರೆ ನಾಲ್ಕನೆಯದು. ಐದನೇ ಶನಿವಾರ ಬಂದರೆ ಬ್ಯಾಂಕು ತೆರೆದಿರುತ್ತೆ. ಆದರೆ 2014ರ ಡೇಟಾ ಮೇಲೆ ಇದೇ ಉಪಾಯ ಓಡಿಸಿದರೆ ಲೆಕ್ಕ ತಪ್ಪುತ್ತೆ. ಕೆಲಸದ ದಿನಕ್ಕೂ ಒಂದು ಚರಿತ್ರೆ ಇರುತ್ತೆ, ಅದು ಕ್ವೆರಿಗೆ ಗೊತ್ತಿರಬೇಕು.

ಮೂರನೆಯದು ಹಬ್ಬ. ಇದಕ್ಕೆ ಸೂತ್ರವೇ ಇಲ್ಲ. ಯುಗಾದಿಗೆ ಪಂಚಾಂಗ ನೋಡಬೇಕು, ರಂಜಾನಿಗೆ ಚಂದ್ರನನ್ನ ನೋಡಬೇಕು. ಕೊಡಗಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಪ್ರತ್ಯೇಕ ಸ್ಥಳೀಯ ರಜೆ ಇದೆ. ಅಂದ್ರೆ ಪಿರಿಯಾಪಟ್ಟಣದಲ್ಲಿ ಕೆಲಸದ ದಿನವಾಗಿದ್ದದ್ದು ಕುಶಾಲನಗರದಲ್ಲಿ ರಜೆ ಆಗಬಹುದು, ಮಧ್ಯೆ ಕಾವೇರಿ ಹೊಳೆ ಒಂದೇ. ಇನ್ನು ಜನವರಿಯ ಪಟ್ಟಿಗೆ ಗೊತ್ತಿರದ ರಜೆಗಳು ಬೇರೆ. ಎಸ್‌.ಎಂ. ಕೃಷ್ಣ ಅವರು ತೀರಿಕೊಂಡದ್ದು 2024ರ ಡಿಸೆಂಬರ್ 10, ಮಂಗಳವಾರ. ಮಾರನೇ ದಿನ ಬುಧವಾರ ಸರ್ಕಾರಿ ಕಚೇರಿ, ಶಾಲೆ ಕಾಲೇಜುಗಳಿಗೆ ರಜೆ ಘೋಷಣೆ ಆಯ್ತು. ಗುರುವಾರ ಬೆಳಿಗ್ಗೆ ಏಳಕ್ಕೆ ಓಡುವ ಕ್ವೆರಿಗೆ ಇದನ್ನ ಯಾರು ಹೇಳಬೇಕು?

ಹಾಗಾಗಿ ಅನುಭವಸ್ಥರು ಕಡೆಗೆ ಬಂದು ಸೇರೋದು ಒಂದೇ ಕಡೆ: ಕ್ಯಾಲೆಂಡರ್ ಟೇಬಲ್. ದಿನಕ್ಕೊಂದು ಸಾಲು, ಪ್ರತಿ ಸಾಲಿನಲ್ಲೂ ‘ಇದು ಕೆಲಸದ ದಿನವೇ’ ಅನ್ನುವ ಒಂದು ಗುರುತು. ಆಮೇಲೆ ಕ್ವೆರಿ ತುಂಬಾ ಸರಳ: ಕೊಟ್ಟ ತಾರೀಖಿಗಿಂತ ಚಿಕ್ಕದಾದ, ಕೆಲಸದ ದಿನ ಅಂತ ಗುರುತಾದ ತಾರೀಖುಗಳಲ್ಲಿ ಅತಿ ದೊಡ್ಡದನ್ನ ಕೊಡು. ಎಷ್ಟೇ ರಜೆ ಸಾಲಾಗಿ ಬರಲಿ, ಇದು ತಡವರಿಸಲ್ಲ.

ನಿರ್ದಿಷ್ಟ ತಾರೀಖಿನ ಕ್ವೆರಿಯಲ್ಲೂ ಇಂಥವೇ ಎರಡು ಹೊಂಚು ಹಾಕಿ ಕೂತಿರುತ್ತವೆ. ‘ಅಕ್ಟೋಬರ್ 1ರಿಂದ 31ರ ನಡುವೆ’ ಅಂತ ಬಿಟ್ವೀನ್ ಹಾಕಿದಿರಿ ಅನ್ನಿ. ಕಾಲಮ್ಮಿನಲ್ಲಿ ಗಂಟೆ ನಿಮಿಷವೂ ಇದ್ದರೆ, 31 ಅಂದ್ರೆ 31ರ ಮಧ್ಯರಾತ್ರಿ ಸೊನ್ನೆ ಗಂಟೆ ಅಂತ ಡೇಟಾಬೇಸು ತಿಳಿಯುತ್ತೆ, 31ರ ಇಡೀ ದಿನದ ವ್ಯಾಪಾರ ಮಾಯ. ‘1ನೇ ತಾರೀಖು ಅಥವಾ ಅದಕ್ಕಿಂತ ದೊಡ್ಡದು, ನವೆಂಬರ್ 1ಕ್ಕಿಂತ ಚಿಕ್ಕದು’ ಅಂತ ಬರೆಯೋದು ಕ್ಷೇಮ. ಎರಡನೆಯದು ಯುಟಿಸಿ. ಸರ್ವರಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿದ್ದರೆ, ಬೆಳಗಿನ ಜಾವ ಐದೂವರೆಯೊಳಗೆ ನಡೆದದ್ದೆಲ್ಲ ನಿನ್ನೆಯ ಖಾತೆಗೆ ಹೋಗುತ್ತೆ. ಹಾಲು, ಹೂವು, ತರಕಾರಿ ವ್ಯಾಪಾರದ ಡೇಟಾ ನೋಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಅವರ ಮುಖ್ಯ ವ್ಯಾಪಾರವೇ ಆ ಹೊತ್ತಿನದು.

ಇಷ್ಟು ಯಾವ ಒಳ್ಳೆ ಸೀನಿಯರ್ ಬೇಕಾದರೂ ಹೇಳಿಕೊಡ್ತಾರೆ. ಆದರೆ ಅವರ ಪಾಠ ಇಲ್ಲಿಗೆ ನಿಂತುಬಿಡುತ್ತೆ. ಸರಿಯಾದ ಕ್ಯಾಲೆಂಡರ್ ಟೇಬಲ್ ಇದ್ದರೆ ಸರಿಯಾದ ಉತ್ತರ ಸಿಗುತ್ತೆ ಅನ್ನುವ ನಂಬಿಕೆಯಲ್ಲಿ ಪಾಠ ಮುಗಿಯುತ್ತೆ. ತಾರೀಖು ರಜೆಯ ಮೇಲೆ ಬಿದ್ದಾಗ ಅದನ್ನು ಹಿಂದಕ್ಕೆ ಸರಿಸಬೇಕೋ ಮುಂದಕ್ಕೆ ಸರಿಸಬೇಕೋ ಅನ್ನುವ ಪ್ರಶ್ನೆಗೆ ಟೇಬಲ್ಲಿನಲ್ಲಿ ಉತ್ತರ ಇರಲ್ಲ. ಅದಕ್ಕೆ ಕಾನೂನು ನೋಡಬೇಕು.

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಗೊತ್ತಲ್ಲ, ಚೆಕ್ ಬೌನ್ಸ್ ಕೇಸುಗಳ ಕಾಯ್ದೆ. ಅದರ 25ನೇ ಸೆಕ್ಷನ್ ನಮ್ಮ ಕ್ವೆರಿಯೇ. ಪ್ರಾಮಿಸರಿ ನೋಟೋ ಬಿಲ್ಲೋ ಪಾವತಿಗೆ ಬರುವ ದಿನ ಸಾರ್ವಜನಿಕ ರಜೆಯಾಗಿದ್ದರೆ, ಅದರ ಹಿಂದಿನ ಕೆಲಸದ ದಿನವೇ ಅದು ಪಾವತಿಗೆ ಬಂತು ಅಂತ ತಿಳಿಯಬೇಕು. ಹಿಂದಕ್ಕೆ ಸರಿಸು, ಮುಂದಕ್ಕಲ್ಲ. ಯಾರಿಗೆ ಹಣ ಬರಬೇಕೋ ಅವರು ರಜೆಯ ನೆಪದಲ್ಲಿ ಕಾಯಬಾರದು ಅನ್ನೋದು ಅದರ ಫಲ. ಇದಾಗಿ ಹದಿನಾರು ವರ್ಷಕ್ಕೆ, 1897ರ ಜನರಲ್ ಕ್ಲಾಸಸ್ ಕಾಯ್ದೆ ಬಂತು. ಅದರ 10ನೇ ಸೆಕ್ಷನ್ ಉಲ್ಟಾ ಹೇಳುತ್ತೆ: ಕೋರ್ಟಿನಲ್ಲೋ ಕಚೇರಿಯಲ್ಲೋ ಮಾಡಬೇಕಾದ ಕೆಲಸದ ಕಡೇ ದಿನ ಕಚೇರಿ ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೂ ಸಕಾಲಕ್ಕೆ ಮಾಡಿದಂತೆ. ಮುಂದಕ್ಕೆ ಸರಿಸು. ಬಾಗಿಲು ಮುಚ್ಚಿದ್ದಕ್ಕೆ ಅರ್ಜಿ ಹಿಡಿದು ಬಂದವನಿಗೆ ಶಿಕ್ಷೆ ಆಗಬಾರದು.

ಎರಡೂ ನ್ಯಾಯವೇ. ಎರಡು ಕಾನೂನೂ ರಜೆಯ ಹೊರೆ ಯಾರ ಮೇಲೆ ಬೀಳಬೇಕು ಅಂತ ಮೊದಲು ಕೇಳಿಕೊಂಡಿವೆ, ಆಮೇಲೆ ದಿಕ್ಕು ಆರಿಸಿವೆ. ಹಣಕಾಸಿನ ಸಾಫ್ಟ್‌ವೇರಿನಲ್ಲಿ ಇದಕ್ಕೆ ಹೆಸರೂ ಇದೆ: ಪ್ರಿಸೀಡಿಂಗ್, ಫಾಲೋಯಿಂಗ್, ಮತ್ತೆ ಮುಂದಕ್ಕೆ ಹೋಗಿ ತಿಂಗಳೇ ದಾಟಿಹೋಗುವುದಾದರೆ ಹಿಂದಕ್ಕೆ ಬಾ ಅನ್ನುವ ಮಾಡಿಫೈಡ್ ಫಾಲೋಯಿಂಗ್. ಕೋಟಿಗಟ್ಟಲೆಯ ಬಾಂಡ್ ಒಪ್ಪಂದಗಳಲ್ಲಿ ಯಾವ ದಿಕ್ಕು ಅಂತ ಮೊದಲೇ ಬರೆದಿಡ್ತಾರೆ. ನಮ್ಮ ಸಂಬಳದಲ್ಲೂ ಬರೆಯದ ಒಂದು ನಿಯಮ ಇದೆ. ತಿಂಗಳ ಕೊನೆ ಭಾನುವಾರ ಬಿದ್ದರೆ ಬಹಳಷ್ಟು ಆಫೀಸುಗಳಲ್ಲಿ ಶುಕ್ರವಾರವೇ ಮೆಸೇಜ್ ಬಂದಿರುತ್ತೆ. ವೀಕೆಂಡಿಗೆ ಕೈಯಲ್ಲಿ ಕಾಸು. ಸೋಮವಾರದವರೆಗೂ ಕಾಯಿಸಿ ನೋಡಿ, ಎಚ್‌ಆರ್ ಇನ್‌ಬಾಕ್ಸ್ ತುಂಬಿಹೋಗುತ್ತೆ.

ಈಗ ಎನ್. ಬೇಗೂರು. ವೀಕೆಂಡಿಗೆ ಕಬಿನಿ ಅಂತ ಹೊರಡುವ ನಮ್ಮಲ್ಲಿ ಹಲವರು ಎಚ್‌.ಡಿ. ಕೋಟೆಯವರೆಗೆ ಹೋಗಿರ್ತೀವಿ, ಆದರೆ ಈ ಹೆಸರು ಗಮನಿಸಿರಲ್ಲ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದೇ ಹೆಸರಿನ ಅರಣ್ಯ ವಲಯವೂ ಇದೆ. ಎಚ್‌.ಡಿ. ಕೋಟೆ ಸೀಮೆಯ ತುಂಬ ಜೇನು ಕುರುಬರ, ಕಾಡು ಕುರುಬರ, ಯರವರ, ಸೋಲಿಗರ ಹಾಡಿಗಳಿವೆ. ಇಲ್ಲಿಂದ ಜನ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗೋದು ಹಳೇ ಕಥೆ. ಊರಲ್ಲೇ ಉಳಿದು ದುಡಿಯಲಿ ಅಂತ ಬಂದದ್ದು 2005ರ ಉದ್ಯೋಗ ಖಾತರಿ ಕಾಯ್ದೆ. ಅದರಲ್ಲಿ ಸ್ಪಷ್ಟವಾಗಿತ್ತು: ಕೂಲಿಯನ್ನು ವಾರಕ್ಕೊಮ್ಮೆ ಕೊಡಬೇಕು, ಏನೇ ಆದರೂ ಕೆಲಸ ಮಾಡಿದ ಹದಿನೈದು ದಿನದೊಳಗೆ ಕೊಡಬೇಕು. ಆ ಹದಿನೈದು ಕ್ಯಾಲೆಂಡರಿನ ದಿನಗಳು, ಕೆಲಸದ ದಿನಗಳಲ್ಲ. ತಡವಾದರೆ ಮಸ್ಟರ್ ರೋಲ್ ಮುಚ್ಚಿದ ಹದಿನಾರನೇ ದಿನದಿಂದಾಚೆಗೆ ದಿನಕ್ಕೆ ಶೇ. 0.05 ಪರಿಹಾರ ಅಂತ ಆಮೇಲೆ ನಿಗದಿಯಾಯ್ತು.

ಒಂದು ಲೆಕ್ಕ ಹಾಕೋಣ. ಕೂಲಿಕಾರ್ತಿ ನನ್ನ ಕಲ್ಪನೆ, ತಾರೀಖುಗಳು ನಿಜ. ಎನ್. ಬೇಗೂರಿನ ಒಬ್ಬಾಕೆ ಆರು ದಿನ ಕೆರೆ ಹೂಳೆತ್ತುವ ಕೆಲಸ ಮಾಡಿದಳು, ಮಸ್ಟರ್ ರೋಲ್ ಮುಚ್ಚಿದ್ದು 2024ರ ಸೆಪ್ಟೆಂಬರ್ 28, ಶನಿವಾರ ಅಂತ ಇಟ್ಟುಕೊಳ್ಳಿ. ಆ ವರ್ಷ ಕರ್ನಾಟಕದ ದಿನಗೂಲಿ ₹349. ಆರು ದಿನಕ್ಕೆ ₹2,094. ಹದಿನೈದನೇ ದಿನ ಅಕ್ಟೋಬರ್ 13. ಅವತ್ತು ಭಾನುವಾರ. ಅದರ ಹಿಂದಿನ ದಿನ 12, ವಿಜಯದಶಮಿ, ಸಾಲದ್ದಕ್ಕೆ ಎರಡನೇ ಶನಿವಾರ. ಅದರ ಹಿಂದಿನ ದಿನ 11, ಶುಕ್ರವಾರ, ಆಯುಧಪೂಜೆ.

ಮೊದಲು ನಮ್ಮ ‘ಮೂರು ಕಳಿ’ ಸೂತ್ರ ಓಡಿಸಿ. 14ರ ಸೋಮವಾರದಿಂದ ಮೂರು ಕಳೆದರೆ 11 ಬರುತ್ತೆ. ಕಚೇರಿಗಳ ಬಾಗಿಲಿಗೆ ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೆದ ದಿನದ ವಹಿವಾಟನ್ನ ನಮ್ಮ ಕ್ವೆರಿ ಹುಡುಕ್ತಾ ಕೂತಿರುತ್ತೆ. ಕ್ಯಾಲೆಂಡರ್ ಟೇಬಲ್ ಇದ್ದರೆ 10, ಗುರುವಾರ ಅನ್ನುತ್ತೆ. ಅದು ಸರಿ. ಆದರೆ ನಿಜವಾದ ಪ್ರಶ್ನೆ ಈಗ ಶುರು. 13ಕ್ಕೆ ಕೊಡಬೇಕಾದ ಕೂಲಿಯನ್ನ ಹಿಂದಕ್ಕೆ ಸರಿಸಿದರೆ 10ರ ಗುರುವಾರ ಖಾತೆಗೆ ಬರಬೇಕು, ಹಬ್ಬಕ್ಕೆ ಮುಂಚೆ. ಮುಂದಕ್ಕೆ ಸರಿಸಿದರೆ 14ರ ಸೋಮವಾರ, ಹಬ್ಬ ಮುಗಿದ ಮೇಲೆ. ಮೈಸೂರಿನಲ್ಲಿ ಜಂಬೂ ಸವಾರಿ ಮುಗಿದು ಆನೆಗಳು ವಾಪಸ್ ಕಾಡಿನ ಕ್ಯಾಂಪಿನ ದಾರಿ ನೋಡುವ ಹೊತ್ತಿಗೆ. ಕ್ವೆರಿಯಲ್ಲಿ ‘ಚಿಕ್ಕದು’ ಅನ್ನುವ ಚಿಹ್ನೆ ‘ದೊಡ್ಡದು’ ಅಂತ ತಿರುಗಿದರೆ ಇಷ್ಟೇ ಆಗೋದು. ಅವಳ ಮನೇಲಿ ಅದು ಮಕ್ಕಳಿಗೆ ಹೊಸ ಬಟ್ಟೆ ಬಂತೋ ಇಲ್ಲವೋ ಅನ್ನುವ ವಿಷಯ.

ಕಚೇರಿಯವರು 1897ರ ಕಾಯ್ದೆ ಕಡೆ ಬೆರಳು ತೋರಿಸಬಹುದು, ಬಾಗಿಲು ಮುಚ್ಚಿತ್ತಲ್ಲ ಅಂತ. ನಾನು ಒಪ್ಪಲ್ಲ. ‘ಹದಿನೈದು ದಿನದೊಳಗೆ’ ಅನ್ನುವ ಮಾತಿನಲ್ಲಿ ‘ಒಳಗೆ’ ಇದೆ. ಹಿಂದಕ್ಕೆ ಸರಿಸಿದರೆ ಒಳಗೇ ಇರ್ತೀರಿ, ಮುಂದಕ್ಕೆ ಸರಿಸಿದರೆ ಹೊರಗೆ ಬಿದ್ದಿರಿ. ಜೊತೆಗೆ ಹಣಕ್ಕೆ ಈಗ ರಜೆಯೇ ಇಲ್ಲ. ಎನ್‌ಇಎಫ್‌ಟಿ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲು ರಾತ್ರಿ ನಡೆಯುತ್ತಿವೆ. ಸಂಬಳ, ಸಬ್ಸಿಡಿಗಳನ್ನ ಒಟ್ಟಾಗಿ ಕಳಿಸುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ಇದೆ. ನಾವು ಸರ್ವರಿಗೆ ಕುಂಕುಮ ಇಟ್ಟು ಆಯುಧಪೂಜೆ ಮಾಡ್ತೀವಿ ನಿಜ, ಆದರೆ ಅದು ಅವತ್ತೂ ಡ್ಯೂಟಿ ಮಾಡುತ್ತೆ. ರಜೆ ಇರೋದು ಸಹಿ ಮಾಡುವ ಕೈಗೆ. ಆ ಸಹಿ ಗುರುವಾರದೊಳಗೆ ಬೀಳಲಿ ಅಂತ ನೆನಪಿಸಬೇಕಾದದ್ದು ಕ್ವೆರಿಯ ಕೆಲಸ.

ಇದಕ್ಕಿಂತ ದೊಡ್ಡ ತಾರೀಖಿನ ತಪ್ಪೊಂದು ಇದೇ ಯೋಜನೆಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕೂಲಿ ಪಾವತಿಗೆ ಎರಡು ಹಂತ. ಮೊದಲ ಹಂತದಲ್ಲಿ ಮಸ್ಟರ್ ರೋಲ್ ಮುಚ್ಚಿ, ಅಳತೆ ಮಾಡಿ, ಎರಡು ಡಿಜಿಟಲ್ ಸಹಿ ಬಿದ್ದು ಹಣ ವರ್ಗಾವಣೆಯ ಆದೇಶ ಹೊರಡುತ್ತೆ. ಅದಕ್ಕೆ ಎಫ್‌ಟಿಒ ಅಂತಾರೆ. ಎರಡನೇ ಹಂತದಲ್ಲಿ ಕೇಂದ್ರದ ಕಡೆಯಿಂದ ಹಣ ಕೂಲಿಕಾರರ ಖಾತೆಗೆ ಬೀಳುತ್ತೆ. ತಡ ಎಷ್ಟು ಅಂತ ಲೆಕ್ಕ ಹಾಕುವಾಗ ಸರ್ಕಾರದ ವ್ಯವಸ್ಥೆ ಎಫ್‌ಟಿಒ ಹೊರಟ ದಿನಕ್ಕೇ ಎಣಿಕೆ ನಿಲ್ಲಿಸಿಬಿಡುತ್ತಿತ್ತು. ಅಲ್ಲಿಂದಾಚೆ ಹಣ ಎಷ್ಟು ದಿನ ಎಲ್ಲಿ ಕೂತಿದ್ದರೂ ಪರದೆಯ ಮೇಲೆ ತಡ ಸೊನ್ನೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ರಾಜೇಂದ್ರನ್ ನಾರಾಯಣನ್ ಮತ್ತು ಸಂಗಡಿಗರು 2016–17ರ ಪಾವತಿ ದಾಖಲೆಗಳನ್ನ ಲಕ್ಷಗಟ್ಟಲೆ ತೆಗೆದು ನೋಡಿದ್ದು ಇದನ್ನೇ. ಸರ್ಕಾರದ್ದೇ ಡೇಟಾ, ಕೊನೆಯ ಕಾಲಂ ಮಾತ್ರ ಬೇರೆ: ಆದೇಶ ಹೊರಟ ದಿನದ ಬದಲು ಹಣ ಸೇರಿದ ದಿನ. 2018ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡನೇ ಹಂತದ ತಡಕ್ಕೂ ಪರಿಹಾರ ಕೊಡಬೇಕು, ಕೇಂದ್ರ ಸರ್ಕಾರ ನುಣುಚಿಕೊಳ್ಳುವಂತಿಲ್ಲ ಅಂತ ಹೇಳಿತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡೇಟ್‌ಡಿಫ್ ಫಂಕ್ಷನ್ನಿನ ಎರಡನೇ ಕಾಲಂ ತಪ್ಪಾಗಿತ್ತು. ಸಿಂಟ್ಯಾಕ್ಸ್ ಸರಿ ಇತ್ತು, ಕ್ವೆರಿ ಓಡುತ್ತಿತ್ತು, ರಿಪೋರ್ಟು ಬರುತ್ತಿತ್ತು. ಯಾವ ಟೆಸ್ಟ್ ಕೇಸೂ ಫೇಲ್ ಆಗಿರಲಿಕ್ಕಿಲ್ಲ, ಯಾಕಂದ್ರೆ ‘ಮುಗಿದ ದಿನ’ ಅಂದ್ರೆ ಕಚೇರಿಗೆ ಮುಗಿದ ದಿನ ಅಂತ ಮೊದಲೇ ಅರ್ಥ ಮಾಡಿಕೊಂಡಾಗಿತ್ತು. ಕೂಲಿಕಾರರಿಗೆ ಮುಗಿಯೋದು ಹಣ ಎಣಿಸಿಕೊಂಡ ದಿನ.

ಈ ಪರಿಹಾರದ ಮೊತ್ತ ಎಷ್ಟು ಅಂತ ನೋಡಿ ನಗಬೇಡಿ. ₹2,094ಕ್ಕೆ ಶೇ. 0.05 ಅಂದ್ರೆ ದಿನಕ್ಕೆ ಒಂದು ರೂಪಾಯಿ ಐದು ಪೈಸೆ. ಒಂದು ತಿಂಗಳು ತಡವಾದರೆ ಮೂವತ್ತೊಂದು ರೂಪಾಯಿ ಚಿಲ್ಲರೆ. ಬೆಂಗಳೂರಿನಲ್ಲಿ ಅದಕ್ಕೆ ಎರಡು ಕಾಫಿ ಬರೋದೂ ಕಷ್ಟ. ಆದರೆ ಆ ಒಂದು ರೂಪಾಯಿ ಬರೀ ಪರಿಹಾರ ಅಲ್ಲ, ತಡ ಆಯ್ತು ಅನ್ನೋದಕ್ಕೆ ಸರ್ಕಾರ ಬರೆದುಕೊಡುವ ರಸೀದಿ. ತಪ್ಪು ಕಾಲಂ ಹಾಕಿದಾಗ ರೂಪಾಯಿ ಮಾತ್ರ ಹೋಗಲ್ಲ, ತಡವೇ ಆಗಿಲ್ಲ ಅಂತ ದಾಖಲೆ ಹುಟ್ಟುತ್ತೆ. ಆಮೇಲೆ ಆ ದಾಖಲೆ ಡ್ಯಾಶ್‌ಬೋರ್ಡಿಗೆ ಬರುತ್ತೆ, ಹಸಿರು ಬಣ್ಣದಲ್ಲಿ.

‘ನಾವು ಇಂಜಿನಿಯರುಗಳು, ರಿಕ್ವೈರ್‌ಮೆಂಟ್ ಹೇಗಿದೆಯೋ ಹಾಗೆ ಬರೀತೀವಿ, ನೀತಿ ನಮ್ಮದಲ್ಲ’ ಅಂತ ನೀವು ಹೇಳಬಹುದು. ಈ ವಾದಕ್ಕೆ ಅರ್ಧ ಅಂಕ ಕೊಡ್ತೀನಿ. ಶೇ. 0.05 ಅಂತ ನಿಗದಿ ಮಾಡಿದ್ದು ಯಾವ ಪ್ರೋಗ್ರಾಮರೂ ಅಲ್ಲ. ಆದರೆ ರಿಕ್ವೈರ್‌ಮೆಂಟ್ ಕಾಗದ ನೋಡಿದವರಿಗೆ ಗೊತ್ತು, ಅದರಲ್ಲಿ ‘ಹಿಂದಿನ ಕೆಲಸದ ದಿನ’ ಅಂತ ಮೂರು ಪದ ಇರುತ್ತೆ, ಅಷ್ಟೇ. ಯಾರ ಕ್ಯಾಲೆಂಡರು, ಬ್ಯಾಂಕಿನದೋ ಕಚೇರಿಯದೋ, ಯಾವ ಜಿಲ್ಲೆಯದು, ಇವತ್ತೇ ಕೆಲಸದ ದಿನವಾಗಿದ್ದರೆ ಇವತ್ತನ್ನೂ ಸೇರಿಸಬೇಕೋ ಬೇಡವೋ, ಇದ್ಯಾವುದೂ ಬರೆದಿರಲ್ಲ. ಆ ಖಾಲಿ ಜಾಗ ತುಂಬೋದು ನಾವೇ. ಡಿಫಾಲ್ಟ್ ಬಿಟ್ಟರೂ ತುಂಬಿದ ಹಾಗೇನೇ. ಡಿಫಾಲ್ಟ್ ಅಂದ್ರೆ ನಮಗಿಂತ ಮುಂಚೆ ಇನ್ಯಾರೋ, ಬಹುಶಃ ಶನಿವಾರ ಭಾನುವಾರ ಎರಡೂ ರಜೆ ಇರುವ ಊರಿನಲ್ಲಿ ಕೂತು, ಮಾಡಿಟ್ಟ ತೀರ್ಮಾನ.

ಹಾಗಾದರೆ ಏನು ಮಾಡೋದು? ದೊಡ್ಡ ಕ್ರಾಂತಿ ಏನೂ ಬೇಡ. ಕ್ಯಾಲೆಂಡರ್ ಟೇಬಲ್ಲಿಗೆ ‘ರಜೆ’ ಅಂತ ಒಂದೇ ಕಾಲಂ ಇಡಬೇಡಿ. ಬ್ಯಾಂಕಿಗೆ ಒಂದು, ಕಚೇರಿಗೆ ಒಂದು, ಸ್ಥಳೀಯಕ್ಕೆ ಒಂದು ಇರಲಿ. ಯಾವ ಆದೇಶದಿಂದ ಆ ರಜೆ ಬಂತು, ಯಾವತ್ತು ಸೇರಿಸಿದಿರಿ ಅನ್ನೋದೂ ಇರಲಿ. ಇದ್ದಕ್ಕಿದ್ದಂತೆ ಘೋಷಣೆಯಾದ ರಜೆಯನ್ನು ಸೇರಿಸುವ ಹೊಣೆ ಯಾರದು ಅಂತ ಒಬ್ಬರ ಹೆಸರು ಬರೆದಿಡಿ. ತಾರೀಖು ಸರಿಸಿದಾಗ ಮೂಲ ತಾರೀಖನ್ನ ಅಳಿಸಬೇಡಿ, ಎರಡೂ ಇರಲಿ. ಇಲ್ಲದಿದ್ರೆ ಸರಿಸಿದ್ದೇ ಮೂಲ ಅಂತ ಎರಡು ವರ್ಷದ ನಂತರ ಬಂದವರು ನಂಬ್ತಾರೆ. ಫಂಕ್ಷನ್ನಿಗೆ ದಿಕ್ಕನ್ನ ಕಡ್ಡಾಯವಾಗಿ ಕೇಳುವಂತೆ ಬರೆಯಿರಿ, ಹಿಂದಕ್ಕೋ ಮುಂದಕ್ಕೋ ಅಂತ, ಡಿಫಾಲ್ಟ್ ಇಲ್ಲದ ಹಾಗೆ. ಪಕ್ಕದಲ್ಲಿ ಒಂದು ಸಾಲಿನ ಕಾಮೆಂಟ್ ಹಾಕಿ: ಈ ದಿಕ್ಕಿನಿಂದ ಕಾಯುವವರು ಯಾರು?

ಟೆಸ್ಟ್ ಮಾಡೋಕೆ ತಾರೀಖು ಬೇಕಿದ್ದರೆ 2024ರ ಅಕ್ಟೋಬರ್ 14 ಇಟ್ಟುಕೊಳ್ಳಿ. ಹಬ್ಬ, ಎರಡನೇ ಶನಿವಾರ, ಭಾನುವಾರ ಎಲ್ಲ ಒಂದೇ ಸಾಲಲ್ಲಿ ಸಿಗುತ್ತವೆ. ಉತ್ತರ 10 ಅಂತ ಬಂದರೆ ಕ್ವೆರಿ ಪಾಸು. ಕೊಡಬೇಕಾದ ಹಣ ಅವತ್ತೇ ಕೊಟ್ಟಾಗಿತ್ತಾ ಅಂತ ಇನ್ನೊಂದು ಕ್ವೆರಿ ಬರೆದರೆ ನೀವೂ ಪಾಸು.